ನಾನಾ ಇಲ್ಲಿ ಮಲಗುತ್ತಿದ್ದರು

ಪುಣೆಯ ನಾರಾಯಣ ಪೇಠೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹೊತ್ತು ಮುಂದಕ್ಕೆ ಹೋಗುವುದಿಲ್ಲ, ಒಂದು ಮಗ್ಗುಲಿಗೆ ಹೊರಳಿ ಮಲಗುತ್ತದೆ. ಅಂಗಡಿಗಳ ಬಾಗಿಲು ರೆಪ್ಪೆಗಳ ಹಾಗೆ ಅರ್ಧ ಕೆಳಗಿಳಿಯುತ್ತವೆ. ಬೀದಿನಾಯಿ ಯಾರದೋ ಸ್ಕೂಟರಿನ ನೆರಳನ್ನು ಹೊದ್ದುಕೊಳ್ಳುತ್ತದೆ. ನದಿಯ ಕಡೆಯಿಂದ ಹೊರಟ ಗಾಳಿ ವಠಾರದಂಥ ನಮ್ಮ ವಾಡೆಯ ಅಂಗಳದವರೆಗೆ ಹೇಗೋ ಬಂದು, ಇನ್ನು ನನ್ನಿಂದಾಗದು ಎಂದು ತುಳಸಿಕಟ್ಟೆಯ ಪಕ್ಕದಲ್ಲಿ ಕೂತುಬಿಡುತ್ತದೆ. ಈ ಹೊತ್ತಿನಲ್ಲಿ ಇನ್ನೊಬ್ಬರ ಮನೆಯ ಕದ ತಟ್ಟುವುದು ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗಿನ ಅಪರಾಧ. ಕೊಲೆಯಾದರೂ ಸದ್ದಿಲ್ಲದೆ ಮಾಡಬಹುದಲ್ಲ!

ಇಂಥ ನಿದ್ದೆಯ ಸೀಮೆಯಲ್ಲೂ ಪದ್ಮಾಕರ ಠೋಸರರ ನಿದ್ದೆಗೆ ಬೇರೆಯದೇ ಮರ್ಯಾದೆಯಿತ್ತು. ಬೀದಿಯ ತಿರುವಿನಲ್ಲಿ ಅವರದೊಂದು ಕನ್ನಡಕದ ಅಂಗಡಿ. ಬಾಗಿಲಲ್ಲಿ ಅವರೇ ಬರೆಸಿದ ಫಲಕ: 'ಇದನ್ನು ಓದಬಲ್ಲವರು ಒಳಗೆ ಬರುವ ಅಗತ್ಯವಿಲ್ಲ. ಓದಲಾಗದವರು ಚಹಾದ ಹೊತ್ತಿನ ನಂತರ ಬರುವುದು.' ಓದಲಾಗದವರು ಇದನ್ನು ಹೇಗೆ ಓದುತ್ತಾರೆ ಎಂದು ಯಾರೋ ಕೇಳಿದ್ದಕ್ಕೆ, "ಅವರು ಬರೋದು ಬೇಡ ಅಂತಾನೇ ಬರೆಸಿರೋದು" ಎಂದಿದ್ದರು. ಊಟ ಮುಗಿಸಿ, ಬೀಗದ ಕೈಯನ್ನು ಜನಿವಾರಕ್ಕೆ ಗಂಟು ಹಾಕಿ, ನಡುಮನೆಯ ತೂಗುಮಂಚದ ಮೇಲೆ ಒರಗಿದರೆಂದರೆ ಮುಗಿಯಿತು. ನಾಲ್ಕು ಹಿತ್ತಾಳೆಯ ಸರಪಳಿ, ತೇಗದ ಹಲಗೆ, ನವಿಲಿನ ಕೊಂಡಿಗಳು. ಕಿರ್ರ್... ಕಿರ್ರ್... ಆ ಸದ್ದು ವಾಡೆಯ ತೆಳ್ಳನೆ ಗೋಡೆಗಳನ್ನು ದಾಟಿ ನಮ್ಮೆಲ್ಲರ ಮನೆಗೂ ಬರುತ್ತಿತ್ತು.

ಅವರ ಹೆಂಡತಿ, ವಾಡೆಗೆಲ್ಲ ಅತ್ತಿಗೆಯಾದ ಕುಮುದವಹಿನಿಗೆ ಮಾತ್ರ ಆ ತೂಗುಮಂಚ ಕಣ್ಣಿಗೆ ಬಿದ್ದ ಕಸ. ಕೋಥ್ರೂಡಿನ ತಂಗಿ ಶೈಲಾಳ ಹೊಸ ಫ್ಲ್ಯಾಟಿನಲ್ಲಿ ಊಟದ ಮೇಜು ಬಂದ ಮೇಲಂತೂ ಆ ಕಸ ದಿನದಿನಕ್ಕೂ ದೊಡ್ಡದಾಯಿತು. ಮಂಚ ಹೋದರೆ ಆ ಜಾಗದಲ್ಲೊಂದು ಮೇಜು ಬರಬಹುದಲ್ಲ!

"ಅಹೋ, ಕೇಳಿಸ್ತಾ? ಶೈಲಾ ಮನೇಲಿ ಆರು ಜನ ಕೂತು ಉಣ್ಣೋ ಮೇಜು."

"ನಮ್ಮನೇಲಿ ಇರೋದು ಇಬ್ಬರು."

"ಮೇಜು ಇದ್ದಿದ್ರೆ ಇನ್ನೂ ನಾಲ್ಕು ಜನ ಬರ್ತಿದ್ರು!"

"ಅದಕ್ಕೇ ಬೇಡ ಅಂದಿದ್ದು" ಎಂದು ಠೋಸರರು ಮಗ್ಗುಲು ಬದಲಿಸಿದರು. ಕಿರ್ರ್.

ಇದು ಬಹಳ ವರ್ಷ ನಡೆಯುವ ಜಗಳವಾಗಿತ್ತು, ಹಾಗೆಯೇ ನಡೆದುಕೊಂಡು ಹೋಗಬಹುದಿತ್ತು. ಆದರೆ ಕುಮುದವಹಿನಿ ಒಂದು ಭಾನುವಾರ ಹಳೆಯ ಸಾಮಾನು ಕೊಳ್ಳುವ ಗಣಪತ್ ಲೋಣಕರನನ್ನು ಕರೆಸಿಬಿಟ್ಟರು. ಅದೂ ಮಾವಿನ ರಸ, ಪೂರಿ ಉಂಡು ಠೋಸರರು ಅರ್ಧ ಈ ಲೋಕದಲ್ಲಿ ಅರ್ಧ ಆ ಲೋಕದಲ್ಲಿ ತೂಗುತ್ತಿದ್ದ ಹೊತ್ತಿಗೆ.

ಲೋಣಕರ ಸರಪಳಿ ಎಳೆದು ನೋಡಿದ, ಹಲಗೆ ತಟ್ಟಿ ನೋಡಿದ, ಕೊನೆಗೆ ಮೇಲೆ ಮಲಗಿದ್ದ ಮನುಷ್ಯನನ್ನೂ ಒಮ್ಮೆ ತಟ್ಟಿದ. "ಕಾಕಾ, ಇಳೀತೀರಾ? ಮಂಚ ಬಿಚ್ಚಬೇಕು."

ಠೋಸರರು ಕಣ್ಣು ತೆರೆಯಲಿಲ್ಲ. ಎಲ್ಲೋ ಬಾವಿಯೊಳಗಿಂದ ಬಂದಂಥ ದನಿಯಲ್ಲಿ ಹೇಳಿದರು: "ಮುಟ್ಟಬೇಡ. ದೊಡ್ಡ ನಾನಾ ಮಲಗ್ತಿದ್ದ ಮಂಚ ಇದು."

"ಯಾವ ನಾನಾ?"

"ದೊಡ್ಡ ನಾನಾ ಕಣಯ್ಯಾ. ದೊ...ಡ್ಡ ನಾನಾ" ಎಂದು ನಿದ್ದೆ ಹೋದರು.

ಲೋಣಕರ ಕೈ ಹಿಂದಕ್ಕೆಳೆದುಕೊಂಡ. ಬೆರಳನ್ನು ಕಣ್ಣಿಗೊತ್ತಿಕೊಂಡು, ಹಿಮ್ಮುಖವಾಗಿಯೇ ಹೊಸ್ತಿಲು ದಾಟಿ ಹೊರಟುಹೋದ. ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿಗೆ ಕಾಯುತ್ತಿದ್ದ ಕುಮುದವಹಿನಿಗೆ ಇದೊಂದೂ ತಿಳಿಯಲಿಲ್ಲ.

ಠೋಸರರು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮರಾಠಿ ಮಂದಿಯ ಮನೆಗಳಲ್ಲಿ ಹಿರಿಯರಿಗೆ ಜಾತಕದ ಹೆಸರೊಂದು ಇರುತ್ತದೆ, ಅದನ್ನು ಯಾರೂ ಬಳಸುವುದಿಲ್ಲ. ಕರೆಯುವುದೆಲ್ಲ ನಾನಾ, ತಾತ್ಯಾ, ಭಾವೂ, ಆಪ್ಪಾ ಎಂದೇ. ಠೋಸರರ ಮನೆತನದಲ್ಲಿ ಇಬ್ಬರು ನಾನಾ ಇದ್ದರು. ಅವರ ದೊಡ್ಡಪ್ಪ ದೊಡ್ಡ ನಾನಾ, ಚಿಕ್ಕಪ್ಪ ಚಿಕ್ಕ ನಾನಾ. ಈ ದೊಡ್ಡ ನಾನಾ ಎಂಬುವರು ಗಡಿಯಾರದ ಅಂಗಡಿಯಲ್ಲಿ ಕೆಲಸಕ್ಕಿದ್ದು ಮಲಗಿದರು, ಗ್ರಂಥಾಲಯದಲ್ಲಿದ್ದು ಮಲಗಿದರು. ಕಡೆಗೆ ಒಂದು ನಾಟಕ ಕಂಪನಿಯವರು ಇವರ ಗುಣವರಿತು ಹೆಣದ ಪಾತ್ರ ಕೊಟ್ಟರು. ಮೂರನೆಯ ಅಂಕದಲ್ಲಿ ರಾಣಿ ಎದೆ ಬಡಿದುಕೊಂಡು ಅಳುತ್ತಿರುವಾಗ ಹೆಣ ಗೊರಕೆ ಹೊಡೆಯಿತು. ಅಲ್ಲಿಂದಾಚೆಗೆ ದೊಡ್ಡ ನಾನಾ ಸಾರ್ವಜನಿಕ ಜೀವನದಿಂದ ನಿವೃತ್ತರಾಗಿ ಈ ತೂಗುಮಂಚಕ್ಕೆ ತಮ್ಮನ್ನು ಪೂರ್ತಿ ಅರ್ಪಿಸಿಕೊಂಡರು.

ಆದರೆ ನಾನಾ ಎಂಬ ಹೆಸರು ಕೇಳಿದರೆ ಪುಣೆಯ ಮನುಷ್ಯ ಠೋಸರರ ದೊಡ್ಡಪ್ಪನನ್ನು ನೆನೆಯುತ್ತಾನೆಯೇ? ಲೋಣಕರ ನೇರವಾಗಿ ಚಹಾದಂಗಡಿಗೆ ಹೋದ. ಅಲ್ಲಿಂದ ಸುದ್ದಿ ಹಾಲಿನವನ ಸೈಕಲ್ಲು ಹತ್ತಿತು. ಜನರು ಮಧ್ಯಾಹ್ನದ ನಿದ್ದೆಯಿಂದೆದ್ದು ಮುಖ ತೊಳೆಯುವಷ್ಟರಲ್ಲಿ ಬೀದಿಯ ತುಂಬ ಮಾತು. ದೊಡ್ಡ ನಾನಾ ಮಲಗಿದ್ದ ಮಂಚ ಠೋಸರರ ಮನೆಯಲ್ಲಿದೆ!

ಮೊದಲು ಬಂದವರು ಪ್ರೊಫೆಸರ್ ಅಚ್ಯುತರಾವ್ ಹಸಬನೀಸ. ಇತಿಹಾಸ ಕಲಿಸಿ ನಿವೃತ್ತರಾದವರು, ನಮ್ಮ ಪೇಠೆಯ ಸ್ಮೃತಿ ಮಂಡಳಿಯ ಅಧ್ಯಕ್ಷರು. ಯಾವ ಮಹನೀಯರು ಯಾವ ಮನೆಯಲ್ಲಿ ಇದ್ದರು, ಉಂಡರು, ಸಿಟ್ಟಾದರು ಎಂದು ಹುಡುಕಿ ಗೋಡೆಗೆ ಫಲಕ ಹಾಕಿಸುವುದು ಮಂಡಳಿಯ ಕೆಲಸ. ಹಸಬನೀಸರು ಭೂತಗನ್ನಡಿ ಹಿಡಿದು ತೂಗುಮಂಚದ ಕೆಳಗೆ ನುಗ್ಗಿದರು. ಬಹಳ ಹೊತ್ತು ಅವರ ಕಾಲುಗಳು ಮಾತ್ರ ಕಾಣುತ್ತಿದ್ದವು.

"ಠೋಸರ, ಈ ನವಿಲಿನ ಕೊಕ್ಕು ಯಾವ ದಿಕ್ಕಿಗಿದೆ, ಗಮನಿಸಿದ್ದೀರಾ?" ಕೆಳಗಿನಿಂದ ದನಿ ಬಂತು.

"ಗೋಡೆ ಕಡೆಗೆ."

"ಗೋಡೆಯ ಆಚೆಗೆ?"

"ನಮ್ಮ ಸಂಡಾಸು."

"ಅದರಾಚೆಗೆ, ಅದರಾಚೆಗೆ! ಪೇಶ್ವೆಯರ ಅರಮನೆ, ಶನಿವಾರವಾಡೆ!" ಹಸಬನೀಸರು ಜೇಡರಬಲೆ ಸಮೇತ ಎದ್ದು ನಿಂತರು. ಕಣ್ಣಲ್ಲಿ ನೀರು. "ನಾನಾ ಫಡಣವೀಸ! ಪೇಶ್ವೆಯರ ಇಡೀ ರಾಜ್ಯಭಾರವನ್ನು ತಲೆಯಲ್ಲಿ ಹೊತ್ತ ಮನುಷ್ಯ, ಆ ತಲೆಯನ್ನು ಈ ಹಲಗೆಯ ಮೇಲೆ ಇಟ್ಟಿದ್ದರು!"

ಠೋಸರರು ಗಾಬರಿಯಾದರು. "ಅಲ್ಲ ಸರ್, ಆ ನಾನಾ ಅಲ್ಲ. ನಾನೇ ಕಣ್ಣಾರೆ ನೋಡಿದೀನಿ. ಚಿಕ್ಕವನಿದ್ದಾಗ. ನಾನಾ ಇಲ್ಲೇ ಬಾಯಿ ತೆಕ್ಕೊಂಡು ಮಲಗಿರ್ತಿದ್ರು, ಎದೆ ಮೇಲೆ ನಶ್ಯದ ಡಬ್ಬಿ."

ಹಸಬನೀಸರು ಅವರ ಎರಡೂ ಕೈ ಹಿಡಿದುಕೊಂಡರು. "ದರ್ಶನ! ನಿಮಗೆ ದರ್ಶನವಾಗಿದೆ! ಇದನ್ನು ಯಾರಿಗೂ ಹೇಳಬೇಡಿ, ನಾನೇ ಭಾಷಣದಲ್ಲಿ ಹೇಳುತ್ತೇನೆ."

ಕುಮುದವಹಿನಿ ಇಷ್ಟೂ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ದೊಡ್ಡ ನಾನಾ ಯಾರೆಂದು ಚೆನ್ನಾಗಿ ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಆತನಿಗೆ ಚಹಾ ಕೊಡಲು ಎಬ್ಬಿಸಿ ಬೈಸಿಕೊಂಡವರು. 'ಪ್ರೊಫೆಸರರೇ, ಅದು ನಮ್ಮ ಮಾವನ ಅಣ್ಣ' ಎಂದು ಹೇಳಲು ಬಾಯಿ ತೆರೆದೂ ಇದ್ದರು. ಅಷ್ಟರಲ್ಲಿ ಆಟೋ ಬಂದು ನಿಂತಿತು. ಆಟೋದಿಂದ ಕೋಥ್ರೂಡಿನ ಶೈಲಾ ಇಳಿದಳು. ಪೇಢೆಯ ಪೊಟ್ಟಣ, ಜೊತೆಗೆ ಅತ್ತೆ, ನಾದಿನಿ. ಆರು ಜನರ ಮೇಜು ಬಂದಾಗಿನಿಂದ ಈ ಕಡೆ ತಲೆ ಹಾಕದಿದ್ದ ತಂಗಿ!

"ಅಕ್ಕಾ, ನಿನ್ನ ಮನೇಲಿ ಇಂಥದ್ದು ಇದೆ ಅಂತ ಒಂದು ಮಾತು ಹೇಳಬಾರದಿತ್ತಾ? ನಮ್ಮ ಸೊಸೈಟಿಯವರೆಲ್ಲ ಕೇಳ್ತಿದ್ದಾರೆ. ನಮ್ಮನೇಲೇನಿದೆ ಬಿಡು, ಬರೀ ಮರದ ಮೇಜು."

ಕುಮುದವಹಿನಿ ತೆರೆದ ಬಾಯನ್ನು ಮುಚ್ಚಿದರು. ಮತ್ತೆ ತೆರೆದಾಗ ಬೇರೆಯೇ ಮಾತು ಬಂತು. "ನಾವು ಹೇಳ್ಕೊಂಡು ತಿರುಗೋರಲ್ಲಮ್ಮ. ನಿಮ್ಮದು ಚಹಾ ಆಗಿರಬೇಕಲ್ಲ?" ಎಂದವರು ಗಂಡನನ್ನು ಅಡುಗೆಮನೆಗೆ ಎಳೆದೊಯ್ದು, "ಅಹೋ, ನಿಮ್ಮ ದೊಡ್ಡಪ್ಪನ ಸುದ್ದಿ ಎತ್ತಿದ್ರೋ, ಈ ಲಟ್ಟಣಿಗೆ ನೋಡಿದೀರಲ್ಲ?" ಎಂದರು.

"ಆದ್ರೆ ಕುಮುದ, ಅದು ಸುಳ್ಳಲ್ವಾ?"

"ನಾವೆಲ್ಲಿ ಸುಳ್ಳು ಹೇಳಿದೀವಿ? ನಾನಾ ಮಲಗ್ತಿದ್ರು ಅಂದಿರಿ. ಮಲಗ್ತಿದ್ರು. ಯಾರು ಏನು ಅಂದ್ಕೊಂಡ್ರೆ ನಾವೇನು ಮಾಡೋಕಾಗುತ್ತೆ?"

ಠೋಸರರಿಗೆ ಇದು ಸರಿಯೆನ್ನಿಸಿತು. ಮಂಚವಂತೂ ಉಳಿಯಿತಲ್ಲ, ಇನ್ನೇನು ಬೇಕು? ನಿಶ್ಚಿಂತೆಯಿಂದ ಮರುದಿನ ಊಟ ಮುಗಿಸಿ, ಜನಿವಾರಕ್ಕೆ ಬೀಗದ ಕೈ ಕಟ್ಟಿ ತೂಗುಮಂಚಕ್ಕೆ ಒಂದು ಮೊಣಕಾಲು ಊರಿದರು.

"ಏಳ್ರೀ!" ಹಸಬನೀಸರು ಕಿಟಕಿಯಿಂದ ಕೂಗಿದರು. ಬೆಳಗಿನಿಂದ ಅಲ್ಲೇ ನಿಂತಿದ್ದರೋ ಏನೋ. "ಅದರ ಮೇಲೆ ಕೂರುವುದೆಂದರೇನು? ಸಿಂಹಾಸನದ ಮೇಲೆ ಹಪ್ಪಳ ಒಣಗಿಸುತ್ತೀರಾ?"

ಸಂಜೆಯೊಳಗೆ ತೂಗುಮಂಚದ ಸುತ್ತ ಹಳದಿ ಹಗ್ಗ ಬಂತು. 'ಮುಟ್ಟಬಾರದು. ಮುಟ್ಟಿದವರಿಗೆ ಇತಿಹಾಸದ ಅರಿವಿಲ್ಲವೆಂದು ತಿಳಿಯಲಾಗುವುದು' ಎಂಬ ಚೀಟಿ ಬಂತು. ದಿನವೂ ಜನ ಬಂದು ಕೈಮುಗಿಯತೊಡಗಿದರು. ಕುಮುದವಹಿನಿ ಹೊಸ ಸೀರೆ ಉಟ್ಟು, 'ಚಪ್ಪಲಿ ಹೊರಗೆ, ಪ್ರಶ್ನೆಗಳೂ ಹೊರಗೆ' ಎನ್ನುತ್ತ ಓಡಾಡಿದರು. ಠೋಸರರು ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡರು. ಅಲ್ಲಿ ಇರುವೆಗಳು ಅವರಿಗಿಂತ ಮೊದಲೇ ವಿಶ್ರಾಂತಿಗೆ ಬಂದಿದ್ದವು.

ಸುದ್ದಿಗೆ ಕಾಲು ಬಂದ ಮೇಲೆ ಅದು ಒಂದೇ ದಾರಿಯಲ್ಲಿ ಹೋಗಬೇಕೆಂಬ ನಿಯಮವಿಲ್ಲ. ಅದೇ ವಾರ ಹಿಟ್ಟಿನ ಗಿರಣಿಯ ಬಾಪೂ ಜಗದಾಳೆ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದರು. ಸಾತಾರದ ಹಳ್ಳಿಯ ಕಡೆಯವರು, ಮಾತೂ ಗಿರಣಿಯ ಕಲ್ಲಿನಷ್ಟೇ ಗಟ್ಟಿ.

"ಯಾಕ್ರೀ ಮಾಸ್ತರ, ನಾನಾ ಅಂದ್ರ ನಿಮ್ಮ ಫಡಣವೀಸರೊಬ್ಬರೇ ಏನು? ನಮ್ಮ ಕ್ರಾಂತಿಸಿಂಹ ನಾನಾ ಪಾಟೀಲರಿಗೆ ನಿದ್ದಿ ಬರತಿದ್ದಿಲ್ಲೇನು? ಬ್ರಿಟಿಷರ ಎದುರಿಗೆ ಸಾತಾರದಾಗ ತಮ್ಮದೇ ಸರಕಾರ ನಡಿಸಿದ ಗಂಡಸು!"

"ಅವರು ಈ ಮನೆಗೆ ಬಂದಿದ್ದಕ್ಕೆ ಆಧಾರ?" ಹಸಬನೀಸರು ಕೇಳಿದರು.

"ಭೂಗತ ಇದ್ದಾವರು ಎಲ್ಲಿ ಮಲಗಿದ್ರು ಅಂತ ಯಾರಿಗೂ ಗೊತ್ತಿಲ್ಲ. ಹೌದೋ ಅಲ್ಲೋ?"

"ಹೌದು."

"ಇಲ್ಲಿ ಮಲಗಿದ್ದೂ ಯಾರಿಗೂ ಗೊತ್ತಿಲ್ಲ. ಇನ್ನೇನ್ ಆಧಾರ ಬೇಕ್ರೀ ನಿಮಗ?"

ಪ್ರೊಫೆಸರರು ಈ ತರ್ಕದ ಮುಂದೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿರುವಾಗಲೇ ಮೇಲಿನ ಮಹಡಿಯ ರೇಗೆಕಾಕು ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. ಮುಂಬೈಯ ಗಿರಗಾಂವಿನಲ್ಲಿ ಹುಟ್ಟಿ ಬೆಳೆದವರು, ಪುಣೆಗೆ ಸೊಸೆಯಾಗಿ ಬಂದದ್ದನ್ನು ಇನ್ನೂ ತಾತ್ಕಾಲಿಕ ಏರ್ಪಾಡು ಎಂದೇ ತಿಳಿದವರು.

"ಪುಣೆಯವರಿಗೆ ಮುಂಬೈ ಅಂದ್ರೆ ಲೆಕ್ಕಕ್ಕೇ ಇಲ್ಲ! ನಾನಾ ಶಂಕರಶೇಟ್ ಅಂತ ಒಬ್ಬರಿದ್ರು, ಕೇಳಿದೀರಾ? ಶಾಲೆ ಕಟ್ಟಿಸಿದ್ರು, ಮುಂಬೈಗೆ ರೈಲು ಬರೋಕೆ ಓಡಾಡಿದ್ರು. ಈ ಮರ ನೋಡಿ, ತೇಗ. ರೈಲಿನ ಹಳಿ ಕೆಳಗೆ ಹಾಕ್ತಾರಲ್ಲ, ಸ್ಲೀಪರ್, ಅದೇ ಮರ."

"ಕಾಕು, ಸ್ಲೀಪರ್ ಮೇಲೆ ರೈಲು ಓಡ್ತದ, ಮನಷಾ ಮಲಗಂಗಿಲ್ಲ" ಎಂದರು ಜಗದಾಳೆ.

"ಮಲಗೋದಕ್ಕಲ್ಲದೆ ಅದಕ್ಕೆ ಸ್ಲೀಪರ್ ಅಂತ ಹೆಸರು ಯಾಕಿಟ್ರು?"

ಹೊರಗಿನಿಂದ ಇಣುಕಿದ ಲೋಣಕರ, ತಾನು ಅಂದುಕೊಂಡದ್ದು ಸಿನಿಮಾದ ನಾನಾ ಎಂದು ಹೇಳಿ ಎಲ್ಲರಿಂದಲೂ ಬೈಸಿಕೊಂಡ. ಪೇಶ್ವೆಯವರಲ್ಲೂ ಒಬ್ಬ ನಾನಾಸಾಹೇಬರು ಇದ್ದರಲ್ಲ ಎಂದು ಅಂಗಳದಿಂದ ಇನ್ಯಾರೋ ಕೂಗಿದರು. ನಾಡಿಗಾಗಿ ದುಡಿದವರೆಲ್ಲ ಒಂದೇ ಹೆಸರಿಟ್ಟುಕೊಂಡು ಹೋದರೆ ಬದುಕಿರುವವರು ಏನು ಮಾಡಬೇಕು? ನಮ್ಮ ವಾಡೆಯ ನಡುಮನೆಯಲ್ಲಿ ನಾನಾ ಕಾಲದ, ನಾನಾ ಊರಿನ ನಾನಾಗಳು ಒಂದೇ ಹಲಗೆಗಾಗಿ ಕಾಯುತ್ತಿದ್ದರು.

"ಠೋಸರ ಹೇಳಲಿ!" ಹಸಬನೀಸರು ಕೈಯೆತ್ತಿದರು. "ಮಂಚ ಅವರದು. ಯಾವ ನಾನಾ, ಅವರೇ ಹೇಳಲಿ."

ಠೋಸರರು ಹಗ್ಗದಾಚೆ ತೂಗುಮಂಚವನ್ನೇ ನೋಡುತ್ತ ನಿಂತಿದ್ದರು. ಮೂರು ಮಧ್ಯಾಹ್ನಗಳ ನಿದ್ದೆ ಕಣ್ಣಲ್ಲಿ ಗೂಡು ಕಟ್ಟಿತ್ತು. ಲಟ್ಟಣಿಗೆಯ ಭಯವನ್ನೂ ಮೀರಿ ಹೇಳಿಬಿಟ್ಟರು: "ನಮ್ಮ ನಾನಾ."

"ನೋಡ್ರಿ! ನಮ್ಮ ನಾನಾ ಅಂದ್ರು!" ಜಗದಾಳೆ ಎದೆ ತಟ್ಟಿಕೊಂಡರು, ಹಿಟ್ಟು ಹಾರಿತು.

"ನಮ್ಮ ಅಂದದ್ದು ನನ್ನ ಕಡೆ ನೋಡಿ" ಎಂದರು ರೇಗೆಕಾಕು.

"ನಮ್ಮ ಎಂದರೆ ಪುಣೆಯ ನಾನಾ, ಇದರಲ್ಲಿ ಚರ್ಚೆ ಏನಿದೆ?" ಎಂದರು ಹಸಬನೀಸರು.

"ಅಯ್ಯೋ, ನಮ್ಮ ಅಂದ್ರೆ ನಮ್ಮ ಮನೆಯ! ನಮ್ಮ ದೊಡ್ಡಪ್ಪ! ಹಗಲೂ ರಾತ್ರಿ ಮಲಗಿರ್ತಿದ್ರು, ಬೇರೇನೂ ಮಾಡ್ಲಿಲ್ಲ!" ಠೋಸರರ ದನಿ ಅಳುವಿಗೆ ಹತ್ತಿರವಾಗಿತ್ತು.

ಹಸಬನೀಸರು ಗದ್ಗದರಾಗಿ, "ಎಂಥ ಆತ್ಮೀಯತೆ! ಫಡಣವೀಸರನ್ನು ದೊಡ್ಡಪ್ಪ ಎನ್ನುತ್ತಿದ್ದಾರೆ!" ಎಂದರು. ಜಗದಾಳೆಯವರೂ ಕಣ್ಣೊರೆಸಿಕೊಂಡರು. ಕುಮುದವಹಿನಿ ಚಹಾದ ತಟ್ಟೆ ತಂದು ನಡುವೆ ಇಟ್ಟು ಸತ್ಯವನ್ನು ಅಲ್ಲಿಗೇ ಮುಗಿಸಿದರು.

ಅಂದಿನಿಂದ ಠೋಸರರು ನಿದ್ದೆ ಹುಡುಕಿಕೊಂಡು ಹೊರಟರು. ಅಂಗಡಿಯಲ್ಲಿ ಮಲಗಲು ನೋಡಿದರು. ಬಾಗಿಲು ತೆರೆದಿದ್ದರಿಂದ ಗಿರಾಕಿ ಬಂದ. ದೂರದ್ದು ಕಾಣದವನಿಗೆ ಹತ್ತಿರದ ಕನ್ನಡಕ ಕೊಟ್ಟು ಕಳಿಸಿದರು. ಆತ ಹೊರಗೆ ಹೋಗಿ ವಿದ್ಯುತ್ ಕಂಬಕ್ಕೆ ನಮಸ್ಕಾರ ಮಾಡಿ, 'ಮಗಳ ಮದುವೆ ಆಯ್ತಾ?' ಎಂದು ಕೇಳುತ್ತಿದ್ದನ್ನು ನಾವೇ ಕಂಡೆವು. ದೇವಸ್ಥಾನದ ಕಂಬಕ್ಕೆ ಒರಗಿದರೆ ಧ್ಯಾನದಲ್ಲಿದ್ದಾರೆಂದು ಜನ ಎದುರಿಗೆ ಬಾಳೆಹಣ್ಣು ಇಟ್ಟರು.

ಒಂದು ಮಧ್ಯಾಹ್ನ ಅವರು ನದಿಯ ಮೇಲಿನ ಲಕಡೀ ಪೂಲ್ ಸೇತುವೆಯವರೆಗೂ ನಡೆದುಹೋಗಿ ಸಿಗ್ನಲ್ಲಿನ ಬಳಿ ನಿಂತರು. ದೀಪ ಕೆಂಪಾಯಿತು, ಹಸಿರಾಯಿತು, ಅವರು ಕದಲಲಿಲ್ಲ. ನಿಂತಲ್ಲೇ ಅವರಿಗೆ ಕನಸು ಹತ್ತಿತ್ತು. ತೂಗುಮಂಚ ಸರಪಳಿ ಕಳಚಿಕೊಂಡು ಕಿಟಕಿಯಿಂದ ಹೊರಗೆ ತೇಲಿತು. ಪೇಠೆಯ ಹೆಂಚುಗಳ ಮೇಲೆ, ಒಣಹಾಕಿದ ಸೀರೆಗಳ ನಡುವೆ, ಮುಠಾ ನದಿಯ ತೆಳ್ಳನೆ ನೀರಿನ ಮೇಲೆ ಹಾಯಿ ಬಿಚ್ಚಿದ ದೋಣಿಯ ಹಾಗೆ ಹೋಯಿತು. ಅದರ ಮೇಲೆ ದೊಡ್ಡ ನಾನಾ, ಎದೆಯ ಮೇಲೆ ನಶ್ಯದ ಡಬ್ಬಿ. ಊರಿನ ಚೌಕಗಳಲ್ಲಿ ನಿಂತಿದ್ದ ಪ್ರತಿಮೆಗಳೆಲ್ಲ ಕತ್ತೆತ್ತಿ ನೋಡಿದವು. ಕೆಲವರ ಕೈಯಲ್ಲಿ ಕತ್ತಿ, ಕೆಲವರ ಕೈಯಲ್ಲಿ ಪುಸ್ತಕ. ಮಳೆ ಬರಲಿ ಬಿಸಿಲು ಬರಲಿ, ನಿಂತೇ ಇದ್ದವರು. 'ಸ್ವಲ್ಪ ಸರಿಯಪ್ಪ, ಕಾಲು ನೋಯ್ತಿದೆ' ಎಂದು ಅವುಗಳಲ್ಲೊಂದು ಬಲು ಮೆಲ್ಲನೆ ಕೇಳಿತು. ನಾನಾ ಕಣ್ಣು ತೆರೆಯದೆಯೇ ಸರಿದು ಜಾಗ ಬಿಟ್ಟರು.

"ಓ ಕಾಕಾ!" ಪೋಲೀಸಿನವನು ಭುಜ ಅಲುಗಿಸಿದ. "ಯಾರಿಗೆ ಸರೀರಿ ಸರೀರಿ ಅಂತಿದೀರಿ? ಹಿಂದೆ ಬಸ್ಸು ನಿಂತಿದೆ!"

"ಎಷ್ಟು ವರ್ಷದಿಂದ ನಿಂತಿದ್ದಾರೆ ಪಾಪ" ಎಂದರು ಠೋಸರರು. ಪೋಲೀಸಿನವನು ಅವರನ್ನು ಕೈಹಿಡಿದು ರಸ್ತೆ ದಾಟಿಸಿದ. ಅವರಿಗೆ ಹೋಗಬೇಕಿದ್ದದ್ದು ಈಚೆಗೇ ಆಗಿದ್ದರಿಂದ ಮತ್ತೆ ತಾವೇ ದಾಟಿ ಬಂದರು.

ಅತ್ತ ಮಂಡಳಿಯಲ್ಲಿ ರಾಜಿಯಾಯಿತು. ಯಾವ ನಾನಾ ಎಂದು ಬರೆಯುವುದೇ ಬೇಡ. 'ನಾನಾ ಇಲ್ಲಿ ಮಲಗುತ್ತಿದ್ದರು' ಎಂದಷ್ಟೇ ಫಲಕ. ಓದುವಾಗ ಅವರವರ ಅಡ್ಡಹೆಸರನ್ನು ಅವರವರು ಮನಸ್ಸಿನಲ್ಲೇ ಸೇರಿಸಿಕೊಳ್ಳುವುದು. ಅನಾವರಣಕ್ಕೆ ಬರುವವರು ನಗರಪಾಲಿಕೆಯ ಸದಸ್ಯೆ, ಊರೆಲ್ಲ 'ತಾಯಿ' ಎಂದೇ ಕರೆಯುವ ವೈಜಯಂತಿ ಧುಮಾಳತಾಯಿ. ಅಂದೇ ಸಂಜೆ ತೂಗುಮಂಚವನ್ನು ಮೆರವಣಿಗೆಯಲ್ಲಿ ಒಯ್ದು ಮಂಡಳಿಯ ಸಭಾಂಗಣದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುವುದು.

"ಗಾಜಿನೊಳಗಾ? ಅಂದ್ರೆ ವಾಪಸ್ ಬರಲ್ವಾ?" ಠೋಸರರು ಕೇಳಿದರು.

"ಇತಿಹಾಸಕ್ಕೆ ಹೋದದ್ದು ಎಂದಾದರೂ ವಾಪಸ್ ಬಂದದ್ದುಂಟೇ?" ಎಂದರು ಹಸಬನೀಸರು, ಸಂತೋಷದಿಂದ.

ಠೋಸರರು ಒಳಗೆ ಹೋಗಿ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆ ಮಧ್ಯಾಹ್ನ ಬಂದವರನ್ನೆಲ್ಲ ಕಳಿಸಿ ಕುಮುದವಹಿನಿಯೂ ಪಕ್ಕದಲ್ಲಿ ಒರಗಿದರು. ಮೇಜಿಗೆ ಜಾಗವಂತೂ ಆಗಲಿತ್ತು, ತಂಗಿಯ ಮುಂದೆ ಮರ್ಯಾದೆಯೂ ಬಂದಿತ್ತು. ಎರಡೂ ಒಟ್ಟಿಗೆ ಸಿಕ್ಕವರು ನಿದ್ದೆ ಮಾಡಬೇಕು ತಾನೆ? ಅವರು ಹೊರಳಾಡುವ ಬಳೆಯ ಸದ್ದು ನಮಗೆ ಕೇಳುತ್ತಿತ್ತು.

"ಅಹೋ, ನಿದ್ದೆ ಬಂತಾ?"

"ಇಲ್ಲ."

"ನಂಗೂ ಬರ್ತಿಲ್ಲ. ಆ ಕಿರ್ರ್ ಅನ್ನೋದು ಇಲ್ದೆ ಮನೆ ಬಿಕೋ ಅಂತಿದೆ."

"ಆ ಸದ್ದಿಗೆ ತಲೆ ಸಿಡೀತದೆ ಅಂತಿದ್ದೋಳು ನೀನೇ ಅಲ್ವಾ?"

"ಬೈಕೊಂಡು ಮಲಗೋದಕ್ಕಾದರೂ ಒಂದು ಸದ್ದು ಬೇಕಲ್ಲ!" ಎಂದವರು ಎದ್ದು ಕೂತರು. ಬಳೆ ಸರಿಸಿಕೊಳ್ಳುತ್ತ, "ನಿಮ್ಮ ದೊಡ್ಡಪ್ಪನೂ ಹಾಗೇ. ಬೈತಿದ್ರು, ಆದ್ರೆ ಚಹಾ ಕುಡಿದು ಲೋಟ ಕೈಗೇ ಕೊಡ್ತಿದ್ರು" ಎಂದರು.

ಅನಾವರಣದ ದಿನ ಬಂತು. ಧುಮಾಳತಾಯಿಗೆ ಬೆಳಿಗ್ಗೆ ಒಂದು ರಸ್ತೆಯ ಉದ್ಘಾಟನೆ, ಸಂಜೆ ಒಂದು ವಾಚನಾಲಯದ್ದು. ಬಿಡುವಿದ್ದದ್ದು ಊಟದ ನಂತರ ಮಾತ್ರ. ನಾರಾಯಣ ಪೇಠೆಯಲ್ಲಿ, ಮಧ್ಯಾಹ್ನ, ಸಾರ್ವಜನಿಕ ಸಭೆ! ಹಸಬನೀಸರು ಫೋನಿನಲ್ಲಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡರಂತೆ. ಬಂದವರನ್ನು ಎಚ್ಚರದಿಂದಿಡಲು ಮಂಡಳಿ ಊಟ ಹಾಕಿಸಿತು, ಶ್ರೀಖಂಡ ಮತ್ತು ಪೂರಿ. ಈ ಸಲಹೆ ಕೊಟ್ಟವರು ಯಾರೆಂದು ಆಮೇಲೆ ಯಾರೂ ಒಪ್ಪಿಕೊಳ್ಳಲಿಲ್ಲ. ಆಕಳಿಕೆಯೊಂದು ಮೊದಲ ಸಾಲಿನಲ್ಲಿ ಹುಟ್ಟಿ, ಕೈಯಿಂದ ಕೈಗೆ ಪ್ರಸಾದದ ಹಾಗೆ ಹಿಂದಿನವರೆಗೂ ಹೋಯಿತು.

ಫಲಕವನ್ನು ಜಗದಾಳೆಯವರೇ ಬಣ್ಣದವನ ಅಂಗಡಿಯಿಂದ ಹೆಗಲ ಮೇಲೆ ಹೊತ್ತು ತಂದು, ಗೋಡೆಗೆ ತೂಗುಹಾಕಿ ಪರದೆ ಎಳೆದರು. ಸರಪಳಿಗಳಿಗೆ ಚೆಂಡುಹೂವಿನ ಮಾಲೆ. ಒಂದು ಮಾಲೆ ಜಾರಿತು.

"ಠೋಸರ, ನೀವು ಹಗುರವಾಗಿದ್ದೀರಿ. ಮೇಲೆ ಹತ್ತಿ ಅದನ್ನು ಸರಿಮಾಡಿ. ಹತ್ತಿ, ತಕ್ಷಣ ಇಳಿಯಿರಿ" ಎಂದರು ಹಸಬನೀಸರು.

ಠೋಸರರು ಹಗ್ಗ ದಾಟಿ ಹತ್ತಿದರು. ಮಾಲೆ ಸರಿಮಾಡಿದರು. ಇಳಿಯಲೆಂದು ಕೂತರು. ಕೂತವರು ಒಂದು ಕ್ಷಣ ಒರಗಿದರು. ಕಿರ್ರ್ ಎಂದಿತು ಮಂಚ. ಅಷ್ಟೇ.

"ಠೋಸರ! ರೀ ಠೋಸರ! ಏಳ್ರೀ!" ಹಸಬನೀಸರು ಧಾವಿಸಿದರು. ಹಗ್ಗದ ಬಳಿ ಕುಮುದವಹಿನಿ ಅಡ್ಡ ನಿಂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಎಬ್ಬಿಸಬೇಡಿ."

"ವಹಿನಿ, ತಾಯಿ ಬರುವ ಹೊತ್ತು!"

"ಯಾರು ಬೇಕಾದ್ರೂ ಬರಲಿ. ಹತ್ತು ದಿನ ಆಯ್ತು ಮನುಷ್ಯ ಮಲಗಿ. ಮುಟ್ಟಿದ್ರೆ ನೋಡಿ ಮತ್ತೆ."

ಆಗಲೇ ಧುಮಾಳತಾಯಿ ಬಂದರು. ಇವರಿಗೆ ಮೈಕು ಬೇಡ. ಇವರು ಹಲೋ ಎಂದರೆ ಆಚೆ ಬೀದಿಯ ಪಾರಿವಾಳಗಳು ಹಾರುತ್ತವೆ. "ನಮಸ್ಕಾ—" ಎಂದು ಶುರುಮಾಡುತ್ತಿದ್ದಂತೆ ಕುಮುದವಹಿನಿ ತುಟಿಯ ಮೇಲೆ ಬೆರಳಿಟ್ಟರು. ನಾರಾಯಣ ಪೇಠೆಯ ಹೆಂಗಸೊಬ್ಬಳು ಮಧ್ಯಾಹ್ನ ತುಟಿಯ ಮೇಲೆ ಬೆರಳಿಟ್ಟರೆ ಮಂತ್ರಿಗಳೂ ನಿಲ್ಲುತ್ತಾರೆ. '—ರ' ಎಂಬ ಅಕ್ಷರವನ್ನು ತಾಯಿ ಉಸಿರಿನಲ್ಲೇ ಬಿಟ್ಟರು.

"ಯಾರಿವರು?" ಪಿಸುದನಿಯಲ್ಲಿ ಕೇಳಿದರು.

"ನಾನಾ" ಎಂದರು ಕುಮುದವಹಿನಿ.

ಹಸಬನೀಸರು ತಲೆ ಹಿಡಿದುಕೊಂಡರು. ಕುಮುದವಹಿನಿ ನಿಲ್ಲಿಸಲಿಲ್ಲ. "ಈ ಮಂಚದ ಮೇಲೆ ಮಲಗ್ತಿದ್ದೋರು ಇವರ ದೊಡ್ಡಪ್ಪ. ಅವರನ್ನ ನಾನಾ ಅಂತಿದ್ವಿ. ಫಡಣವೀಸರೂ ಅಲ್ಲ, ಪಾಟೀಲರೂ ಅಲ್ಲ, ಶಂಕರಶೇಟರೂ ಅಲ್ಲ. ನಿದ್ದೆ ಒಂದು ಬಿಟ್ಟು ಬೇರೇನೂ ಮಾಡದ ಮನುಷ್ಯ. ಈಗ ಈ ಮನೆಗೆ ಹಿರಿಯರು ಇವರು. ಅಂದ್ಮೇಲೆ ಇವರೇ ನಾನಾ." ಮೊದಲ ಸಾಲಿನಲ್ಲಿದ್ದ ಶೈಲಾಳ ಕಡೆ ಅವರು ನೋಡಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

ಧುಮಾಳತಾಯಿ ಮಲಗಿದ್ದ ಠೋಸರರನ್ನು ಬಹಳ ಹೊತ್ತು ನೋಡಿದರು. ಬಾಯಿ ಸ್ವಲ್ಪ ತೆರೆದಿತ್ತು, ಹೊಟ್ಟೆಯ ಮೇಲೆ ಬೀಗದ ಕೈ ಏರಿ ಇಳಿಯುತ್ತಿತ್ತು. ತಾಯಿ ಹಗ್ಗದ ಹತ್ತಿರಕ್ಕೆ ಬಂದರು. "ನಮ್ಮ ಅಪ್ಪನನ್ನೂ ನಾನಾ ಅಂತಿದ್ವಿ. ನಮ್ಮೂರು ಸಾಸವಡದ ಮನೇಲಿ ಹೀಗೇ ಮಲಗ್ತಿದ್ರು. ನಾನು ಜೋರಾಗಿ ಮಾತಾಡಿದ್ರೆ, ಮಗಳೇ ಮೆಲ್ಲಗೆ, ಅಂತಿದ್ರು. ಅವರು ಹೋದ ಮೇಲೆ ಮೆಲ್ಲಗೆ ಅನ್ನೋರೇ ಇಲ್ಲ."

"ನನ್ನ ಮಾವನೂ ನಾನಾ ರೀ" ಎಂದರು ಜಗದಾಳೆ, ಗಿರಣಿಯ ಕಲ್ಲು ಪಿಸುಗುಟ್ಟಿದ ಹಾಗೆ. ರೇಗೆಕಾಕುವಿನ ಅಣ್ಣ ನಾನಾ ಆಗಿದ್ದರಂತೆ, ಗಿರಗಾಂವಿನ ವಠಾರದ ಹಜಾರದಲ್ಲಿ ದಿನಪತ್ರಿಕೆ ಮುಖಕ್ಕೆ ಹೊದ್ದು ಮಲಗುತ್ತಿದ್ದರಂತೆ. ತಾಯಿ ಪ್ರೊಫೆಸರರ ಕಡೆ ತಿರುಗಿದರು. "ಸರ್, ನಿಮ್ಮನ್ನ ಮೊಮ್ಮಕ್ಕಳು ಏನಂತಾರೆ?"

ಹಸಬನೀಸರು ನೆಲ ನೋಡಿದರು. ಕೆಮ್ಮಿದರು. ಕಡೆಗೆ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಹಾಗೆ, "...ನಾನಾ" ಎಂದರು.

ನಗು ಬಂತು, ಆದರೆ ಯಾರೂ ನಗುವಂತಿರಲಿಲ್ಲ. ಐವತ್ತು ಜನರ ಭುಜಗಳು ಸದ್ದಿಲ್ಲದೆ ಕುಣಿದವು. ಆ ಕುಣಿತದ ನಡುವೆಯೇ ತಾಯಿ ಪರದೆ ಸರಿಸಿದರು.

ಫಲಕದ ಬಣ್ಣ ಒಣಗಿರಲಿಲ್ಲ. ಬರೆದಿದ್ದದ್ದರಲ್ಲಿ ಉಳಿದದ್ದು ಇಷ್ಟೇ: 'ನಾನಾ ಇಲ್ಲಿ ಮಲಗು'.

"ತ್ತಿದ್ದರು ಎಲ್ಲಿ?" ಹಸಬನೀಸರು ಪಿಸುಗುಟ್ಟುತ್ತಲೇ ಕಿರುಚಿದರು. "ಭೂತಕಾಲ ಎಲ್ಲಿ?"

ಭೂತಕಾಲ ಜಗದಾಳೆಯವರ ಬಿಳಿ ಅಂಗಿಯ ಹೆಗಲ ಮೇಲಿತ್ತು, ತಿರುಗುಮುರುಗಾಗಿ.

"ಇರಲಿ ಬಿಡಿ" ಎಂದರು ಧುಮಾಳತಾಯಿ. "ಮಲಗು ಅಂತ ಬರೆದಿದೆ, ಮಲಗಿದ್ದಾರೆ. ಮಲಗಿರೋರನ್ನ ಇಳಿಸಿ ಯಾವ ಮಂಚ ಒಯ್ತೀರಿ? ಇಲ್ಲೇ ಇರಲಿ. ಫಲಕಾನೂ ಇರಲಿ." ಆಮೇಲೆ ಅವರು ಭಾಷಣ ಮಾಡಿದರು. ಅಷ್ಟು ಮೆಲ್ಲನೆಯ ಭಾಷಣವನ್ನು ಆ ಊರು ಅದುವರೆಗೆ ಕೇಳಿರಲಿಲ್ಲ, ಅಂದೂ ಕೇಳಲಿಲ್ಲ. ಮಾತು ಜೋಗುಳದ ಹಾಗೆ ನಡುಮನೆಯ ತುಂಬ ಹರಡಿತು. ಶ್ರೀಖಂಡ ತನ್ನ ಕೆಲಸ ಶುರುಮಾಡಿತು. ರೇಗೆಕಾಕು ಶೈಲಾಳ ಭುಜಕ್ಕೆ ವಾಲಿದರು. ಶೈಲಾ ಕಂಬಕ್ಕೆ ವಾಲಿದಳು. ಹಸಬನೀಸರು ಕುರ್ಚಿಯಲ್ಲಿ ಗದ್ದವನ್ನು ಎದೆಗೆ ಒಪ್ಪಿಸಿದರು. ತಾಯಿ ಮುಂದಿನ ವಾಕ್ಯ ಹುಡುಕಲು ಕಣ್ಣು ಮುಚ್ಚಿದವರು ಗೋಡೆಗೊರಗಿ ಕೂತಲ್ಲೇ ಉಳಿದರು. ಕುಮುದವಹಿನಿ ನೆಲದ ಮೇಲೆ ಕೈ ತಲೆದಿಂಬು ಮಾಡಿ ಮಲಗಿದರು.

ಹೊರಗೆ ಬಿಸಿಲಿನಲ್ಲಿ ಕಾರು ನಿಂತಿತ್ತು. ಎಷ್ಟು ಹೊತ್ತಾದರೂ ತಾಯಿ ಬರಲಿಲ್ಲವೆಂದು ಅವರ ಕಾರಿನ ಚಾಲಕ ಒಳಗೆ ಬಂದ. ನಸುಕಿನಿಂದ ಗಾಡಿ ಓಡಿಸಿ ಕಣ್ಣು ಕೆಂಪಾದ, ತಲೆ ನೆರೆತ ಮನುಷ್ಯ. ಪರವಾನಗಿಯಲ್ಲಿ ಅವನ ಹೆಸರು ಜ್ಞಾನೋಬಾ ಎಂದಿದ್ದರೂ ಇಡೀ ಜನ್ಮದಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಎಲ್ಲರಿಗೂ ಅವನು ನಾನಾ.

ಬಾಗಿಲಲ್ಲಿ ನಿಂತು ಅವನು ಮಲಗಿದ್ದವರನ್ನೆಲ್ಲ ಒಂದು ಸುತ್ತು ನೋಡಿದ. ಆಮೇಲೆ ಗೋಡೆಯ ಮೇಲಿನ ಫಲಕ ನೋಡಿದ. ತುಟಿಯಾಡಿಸುತ್ತ ನಿಧಾನವಾಗಿ ಓದಿದ: 'ನಾನಾ, ಇಲ್ಲಿ ಮಲಗು.'

ಇಷ್ಟು ಪ್ರೀತಿಯಿಂದ ಅವನಿಗೆ ಯಾರೂ ಹೇಳಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಜಗದಾಳೆಯವರ ಪಕ್ಕದಲ್ಲಿ ಇದ್ದ ಜಾಗದಲ್ಲಿ ಮೈ ಚಾಚಿದ.